ಶಟರ್ ಇಳಿದ ಮೇಲೆ ಬಾಯಿಗೂ ರಜೆ: ಹೋಟೆಲಿಗರು ಮತ್ತು ಅಲ್ಪಾವಧಿ ಉಪವಾಸ

ಊರಿಗೆಲ್ಲ ಹೊತ್ತುಹೊತ್ತಿಗೆ ಬಡಿಸುವ ನಾವು ನಮ್ಮ ಊಟಕ್ಕೆ ಮಾತ್ರ ಹೊತ್ತು ಇಟ್ಟುಕೊಂಡವರಲ್ಲ. ಬೆಳಿಗ್ಗೆ ಐದಕ್ಕೆ ಹಾಲು ಬಂದ ಕೂಡಲೇ ಒಂದು ಚಹಾ. ಸಾಂಬಾರು ಇಳಿಸಿದಾಗ ಒಂದು ಸೌಟು ರುಚಿ, ಚಟ್ನಿ ರುಬ್ಬಿದಾಗ ಒಂದು ತುಂಡು ಇಡ್ಲಿ. ಮಾಲು ತಂದವನು ಬಂದರೆ ಅವನ ಜೊತೆ ಕಟಿಂಗ್, ಊರಿನವರು ಬಂದರೆ ಇನ್ನೊಂದು ಕಟಿಂಗ್. ಮಧ್ಯಾಹ್ನದ ಊಟ ನಾಲ್ಕಕ್ಕೆ, ರಾತ್ರಿಯದು ಗಲ್ಲಾದ ಹಿಸಾಬು ಮುಗಿದ ಮೇಲೆ ಹನ್ನೆರಡಕ್ಕೆ. ಲೆಕ್ಕ ಹಾಕಿದರೆ ನಮ್ಮ ಹೊಟ್ಟೆ ದಿನಕ್ಕೆ 19 ಗಂಟೆ ಓಪನ್, ಐದೇ ಗಂಟೆ ಬಂದ್. ಇಷ್ಟು ಹೊತ್ತು ತೆರೆದಿರುವ ಹೋಟೆಲು ಈ ಊರಿನಲ್ಲಿಯೂ ಕಡಿಮೆ.

ಈಗ ಎಲ್ಲಿ ನೋಡಿದರೂ ಉಪವಾಸದ ಮಾತು. 16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ ಎಂದು ಗಿರಾಕಿಗಳೇ ಹೇಳುತ್ತಾರೆ. ನಾವು ಡಾಕ್ಟರರಲ್ಲ, ಹತ್ತನೇ ಕ್ಲಾಸು ಮುಗಿಸಿ ಮುಂಬಯಿಗೆ ಬಂದವರು. ಆದರೂ ಓದಿ, ತಿಳಿದವರನ್ನು ಕೇಳಿ, ನಮ್ಮ ಧಂದೆಗೆ ಇದು ಎಷ್ಟು ಹೊಂದುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ನಮಗೆ ಹೊಸತಲ್ಲ

ಏಕಾದಶಿ, ಸಂಕಷ್ಟಿ, ಶಿವರಾತ್ರಿ, ಒಪ್ಪೊತ್ತು ಇವೆಲ್ಲ ನಮ್ಮ ಹಿರಿಯರು ಮಾಡುತ್ತಿದ್ದದ್ದೇ. ಉಡುಪಿ ಶ್ರೀಕೃಷ್ಣ ಮಠದಲ್ಲಿ ಏಕಾದಶಿಯಂದು ಅನ್ನಸಂತರ್ಪಣೆ ಇಲ್ಲ, ಮರುದಿನ ಬೆಳಿಗ್ಗೆ ದ್ವಾದಶಿಯ ಪಾರಣೆ. ವಿದ್ಯುತ್ ಇಲ್ಲದ ಕಾಲದಲ್ಲಿ ಊರಿನ ಮನೆಗಳಲ್ಲಿ ಸಂಜೆಯೇ ಊಟ ಮುಗಿಯುತ್ತಿತ್ತು. ಮುಂದಿನ ಗಂಜಿ ಬೆಳಿಗ್ಗೆಯೇ. ಯಾರೂ ಗಡಿಯಾರ ನೋಡದೆ 12 ಗಂಟೆ ಹೊಟ್ಟೆಗೆ ಬಿಡುವು ಸಿಗುತ್ತಿತ್ತು. ಹೋಟೆಲ್ ಕೆಲಸಕ್ಕೆ ಬಂದ ಮೇಲೆ ನಾವು ಕಳೆದುಕೊಂಡದ್ದು ಆ ಬಿಡುವನ್ನು.

ಒಳಗೆ ಏನಾಗುತ್ತದೆ?

ಗಲ್ಲಾದ ಲೆಕ್ಕದಲ್ಲಿಯೇ ಹೇಳೋಣ. ಊಟದ ಸಕ್ಕರೆಯಲ್ಲಿ ಒಂದು ಪಾಲನ್ನು ಲಿವರ್ ಚಿಲ್ಲರೆಯ ಹಾಗೆ ಕೂಡಿಡುತ್ತದೆ. ಅದು ಸುಮಾರು 100 ಗ್ರಾಂ. ಮೈಯ ಕೊಬ್ಬು ಎಂದರೆ ಬ್ಯಾಂಕಿನ ಫಿಕ್ಸೆಡ್ ಡಿಪಾಜಿಟ್. ಊಟ ನಿಲ್ಲಿಸಿದ ಮೇಲೆ ಶರೀರ ಮೊದಲು ಗಲ್ಲಾದ ಚಿಲ್ಲರೆಯನ್ನು ಖರ್ಚು ಮಾಡುತ್ತದೆ. ಹತ್ತು ಹನ್ನೆರಡು ಗಂಟೆ ಕಳೆದು ಚಿಲ್ಲರೆ ಇಳಿಯುತ್ತಾ ಬಂದಂತೆ ಡಿಪಾಜಿಟ್ಟಿಗೆ ಹೆಚ್ಚು ಹೆಚ್ಚಾಗಿ ಕೈ ಹಾಕುತ್ತದೆ. ಗಂಟೆಗೊಂದು ಸಕ್ಕರೆ ಚಹಾ ಕುಡಿಯುವವನ ಗಲ್ಲಾ ಖಾಲಿ ಆಗುವುದೇ ಇಲ್ಲ, ಡಿಪಾಜಿಟ್ ಮುರಿಯುವ ಪ್ರಮೇಯವೂ ಬರುವುದಿಲ್ಲ.

ಇನ್ನೊಂದು ಸಂಗತಿ. ಹೊರಗಿನ ಆಹಾರ ನಿಂತಾಗ ಜೀವಕೋಶಗಳು ತಮ್ಮೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ತಾವೇ ಕರಗಿಸಿ ಮತ್ತೆ ಬಳಸಿಕೊಳ್ಳುತ್ತವೆ. ಜಪಾನಿನ ಯೋಶಿನೋರಿ ಓಸುಮಿ ಎಂಬ ವಿಜ್ಞಾನಿ ಇದು ನಡೆಯುವ ಬಗೆಯನ್ನು ಪತ್ತೆ ಹಚ್ಚಿದ್ದು ನಾವು ಬ್ರೆಡ್ಡು ಉಬ್ಬಿಸಲು ಬಳಸುವ ಈಸ್ಟನ್ನು ಉಪವಾಸ ಕೆಡವಿ. ಅವರಿಗೆ 2016ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ಈಸ್ಟಿನಲ್ಲಿ ಕಂಡದ್ದನ್ನು ಹಿಡಿದು, ಇಷ್ಟು ಗಂಟೆ ಉಪವಾಸ ಮಾಡಿದರೆ ಮನುಷ್ಯನ ರೋಗ ಹೋಗುತ್ತದೆ, ಆಯುಷ್ಯ ಹೆಚ್ಚುತ್ತದೆ ಎಂದು ಹೇಳುವವರ ಮಾತು ನಂಬಬೇಡಿ. ಅದು ಸಾಬೀತಾಗಿಲ್ಲ.

ತೂಕದ ವಿಷಯದಲ್ಲಿಯೂ ಸರಿಯಾದ ಲೆಕ್ಕ ತಿಳಿದಿರಲಿ. ಚೀನಾದ ಗುವಾಂಗ್‌ಝೌ ನಗರದಲ್ಲಿ 139 ಮಂದಿ ದಪ್ಪ ಮೈಯವರ ಮೇಲೆ ಒಂದು ವರ್ಷ ಪರೀಕ್ಷೆ ನಡೆಯಿತು. ವರದಿ 2022ರಲ್ಲಿ ಬಂತು. ಎಲ್ಲರಿಗೂ ಊಟ ಕಡಿಮೆ ಮಾಡಿದರು. ಅರ್ಧ ಮಂದಿಗೆ ಅದರ ಮೇಲೆ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನಬೇಕು ಎಂಬ ಕಟ್ಟಳೆ. ಸಮಯ ಕಟ್ಟಿದವರು ಸರಾಸರಿ 8 ಕಿಲೋ, ಸಮಯ ಕಟ್ಟದವರು 6.3 ಕಿಲೋ ಇಳಿದರು. ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ ಎಂದೇ ವರದಿ ಹೇಳಿತು. ಅಂದರೆ ಇಳಿಸುವುದು ಗಡಿಯಾರವಲ್ಲ, ಕಡಿಮೆ ಊಟ. ಗಡಿಯಾರ ಬರೀ ಶಟರ್ ಇದ್ದ ಹಾಗೆ. ಆದರೆ ಕೈಗೆ ಸಿಕ್ಕಿದಲ್ಲೆಲ್ಲ ತಿಂಡಿ ಇರುವ ನಮ್ಮಂಥವರಿಗೆ ಆ ಶಟರ್ ಬಹಳ ಉಪಯೋಗದ್ದು.

ಉಪವಾಸದ ತಿಂಡಿ ಉಪವಾಸವಲ್ಲ

ಶ್ರಾವಣ, ನವರಾತ್ರಿ, ಆಷಾಢಿ ಏಕಾದಶಿ ಬಂದರೆ ಮಹಾರಾಷ್ಟ್ರದಲ್ಲಿ ನಮ್ಮ ಹೋಟೆಲುಗಳಲ್ಲಿ ಸಾಬುದಾನಾ ಖಿಚಡಿ, ಸಾಬುದಾನಾ ವಡೆ ಭರ್ಜರಿ ವ್ಯಾಪಾರ. ವ್ಯಾಪಾರ ಮಾಡೋಣ, ಅದರಲ್ಲಿ ತಪ್ಪಿಲ್ಲ. ವ್ರತದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಸಾಬುದಾನಾ ಎಂದರೆ ಮರಗೆಣಸಿನ ಪಿಷ್ಟ ಅಲ್ಲದೆ ಬೇರೇನಲ್ಲ. 100 ಗ್ರಾಂ ಒಣ ಸಾಬುದಾನದಲ್ಲಿ ಸುಮಾರು 350 ಕ್ಯಾಲೊರಿ, ಪ್ರೋಟೀನು ಒಂದು ಗ್ರಾಮೂ ಇಲ್ಲ. ಅದಕ್ಕೆ ಶೇಂಗಾ, ಬಟಾಟೆ, ಎಣ್ಣೆ ಸೇರಿದರೆ ಉಪವಾಸದ ಪ್ಲೇಟು ಊಟದ ಪ್ಲೇಟಿಗೆ ಸಮವಾಗುತ್ತದೆ. ಮಧುಮೇಹದವರ ಸಕ್ಕರೆ ಇದರಿಂದ ಬೇಗ ಏರುತ್ತದೆ. ಆರೋಗ್ಯಕ್ಕೆಂದು ಉಪವಾಸ ಮಾಡುವವರು ಈ ವಡೆಯನ್ನು ಗಿರಾಕಿಗೆ ಕೊಡಲಿ, ತಾವು ತಿನ್ನುವುದು ಬೇಡ.

ಚಹಾದ ಲೆಕ್ಕವೂ ಹೀಗೆಯೇ. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ. ದಿನಕ್ಕೆ ಹತ್ತು ಕಟಿಂಗ್ ಎಂದರೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಬೆರೆಸಿದ ಸಕ್ಕರೆ ದಿನಕ್ಕೆ 50 ಗ್ರಾಮಿಗಿಂತ ಕೆಳಗಿರಬೇಕು, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ನಮ್ಮ ಪಾಲು ಚಹಾದಲ್ಲಿಯೇ ಮುಗಿಯುತ್ತದೆ.

ನಮಗೆ ಹೊಂದುವ ಕ್ರಮ

ಒಂದನೆಯದು, 12 ಗಂಟೆಯಿಂದ ಶುರು ಮಾಡಿ. ರಾತ್ರಿಯ ರಶ್ ಶುರುವಾಗುವ ಮೊದಲು, ಏಳು ಗಂಟೆಗೆ, ಕೂತು ಊಟ ಮುಗಿಸಿ. ಮತ್ತೆ ಬೆಳಿಗ್ಗೆ ಏಳಕ್ಕೆ. ನಡುವೆ ನೀರು, ಬೇಕಾದರೆ ಹಾಲು ಸಕ್ಕರೆ ಇಲ್ಲದ ಚಹಾ. ಶಟರ್ ಇಳಿಸಿದ ಮೇಲೆ ಮನೆಯಲ್ಲಿ ಎರಡನೇ ಊಟ ಇಲ್ಲ. ಇದನ್ನು ಮನೆಯಾಕೆಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅವರು ಕಾದು ಕೂತಿರುತ್ತಾರೆ.

ಎರಡನೆಯದು, ಒಂದು ತಿಂಗಳು ಸುಖವಾಗಿ ನಡೆದರೆ 14 ಗಂಟೆ ಮಾಡಬಹುದು. ಹದಿನೈದು ದಿನಕ್ಕೊಮ್ಮೆ ಒಪ್ಪೊತ್ತು ಮಾಡುವವರು ಮಾಡಲಿ. ನೀರು ಕೂಡ ಬಿಡುವ ಉಪವಾಸ ಅಡುಗೆಮನೆಯ ಬಿಸಿಯಲ್ಲಿ ನಿಲ್ಲುವವರಿಗೆ ಆಗದು.

ಮೂರನೆಯದು, ರುಚಿ ನೋಡುವುದು. ದೇವರ ನೈವೇದ್ಯದ ಅಡುಗೆಯನ್ನು ಯಾರೂ ರುಚಿ ನೋಡುವುದಿಲ್ಲ, ಭಟ್ಟರು ಕೈ ಅಳತೆಯಲ್ಲಿ, ವಾಸನೆಯಲ್ಲಿ ತಿಳಿಯುತ್ತಾರೆ. ಆದರೆ ಗಿರಾಕಿಯ ಅಡುಗೆಯನ್ನು ನೋಡದೆ ಬಡಿಸುವ ಹಾಗಿಲ್ಲ. ನಾವು ಉಪವಾಸ ಇರುವ ಹೊತ್ತಿನಲ್ಲಿ ಆ ಕೆಲಸ ಇನ್ನೊಬ್ಬರಿಗೆ ಒಪ್ಪಿಸಬೇಕು.

ನಾಲ್ಕನೆಯದು, ಉಪವಾಸ ಬಿಡುವಾಗ ಪೂರಿ ಭಾಜಿ, ಗುಲಾಬ್ ಜಾಮೂನಿನಿಂದ ಬೇಡ. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ ಸಾಕು. ಬಿಟ್ಟ ಊಟದ ಬಾಕಿಯನ್ನು ಒಂದೇ ಸಲ ವಸೂಲಿ ಮಾಡಿದರೆ ಉಪವಾಸ ಮಾಡಿದ್ದು ದಂಡ.

ಸಕ್ಕರೆ ಮಾತ್ರೆಯವರು ಇದನ್ನು ತಪ್ಪದೆ ಓದಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ನಮ್ಮ ಸಭೆಗಳಲ್ಲಿ ಊಟದ ಮೊದಲು ಎಷ್ಟು ಮಂದಿ ಜೇಬಿನಿಂದ ಮಾತ್ರೆ ತೆಗೆಯುತ್ತಾರೆ ಎಂದು ನೋಡಿದರೆ ನಮ್ಮವರ ಲೆಕ್ಕವೂ ತಿಳಿಯುತ್ತದೆ.

ನಮಗೆ ಪರಿಚಯದ ಹೋಟೆಲಿನವರೊಬ್ಬರು, ಹೆಸರು ಬೇಡ, ಏಕಾದಶಿಯಂದು ಬೆಳಿಗ್ಗೆ ಎಂದಿನಂತೆ ಮಾತ್ರೆ ನುಂಗಿ ಉಪವಾಸ ಕೂತರು. ಮಧ್ಯಾಹ್ನದ ರಶ್‌ನಲ್ಲಿ ಮೈಯೆಲ್ಲ ಬೆವರಿತು, ಕೈ ನಡುಗಿತು, ಚಿಲ್ಲರೆ ತಪ್ಪು ಕೊಟ್ಟರು, ಕಾರಣವಿಲ್ಲದೆ ಮಾಣಿಗೆ ರೇಗಿದರು. ಸೆಕೆಗೆ ಹೀಗಾಗಿದೆ ಎಂದು ಎಲ್ಲರೂ ಅಂದುಕೊಂಡರು. ಅವರು ಗಲ್ಲಾದ ಮೇಲೆ ಒರಗಿದಾಗ, ಮನೆಯಲ್ಲಿ ಅಪ್ಪನಿಗೆ ಇದೇ ಕಾಯಿಲೆ ಇದ್ದ ಒಬ್ಬ ಹುಡುಗ ಓಡಿಬಂದು ಸಕ್ಕರೆ ನೀರು ಕುಡಿಸಿದ. ಪ್ರಜ್ಞೆ ಇನ್ನೂ ಇತ್ತು, ಜೀವ ಉಳಿಯಿತು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆಯವರಿಗೆ ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳಿಗೆ ಉಪವಾಸದಲ್ಲಿ ಬೇರೆ ಅಪಾಯವಿದೆ: ನೀರು ಕಡಿಮೆಯಾಗಿ, ರಕ್ತದಲ್ಲಿ ಆಮ್ಲ ಹೆಚ್ಚಬಹುದು. ಇವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು, ತಾವಾಗಿ ಮಾತ್ರೆ ನಿಲ್ಲಿಸಲೂಬಾರದು. ನಮ್ಮ ಧಂದೆಯಲ್ಲಿ ಬೆವರು ದಿನವೂ ಇರುವುದರಿಂದ ಸಕ್ಕರೆ ಬಿದ್ದದ್ದು ತಿಳಿಯುವುದೇ ಇಲ್ಲ. ಬೆವರಿನ ಜೊತೆ ನಡುಕ, ಎದೆ ಬಡಿತ, ಗಲಿಬಿಲಿ ಕಂಡರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಿ. 15 ನಿಮಿಷದಲ್ಲಿ ಸರಿಯಾಗದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ ಸಾಗಿಸಿ. ಇದನ್ನು ಗಲ್ಲಾದಲ್ಲಿ ಕೂರುವವರಿಗೂ ಮಾಣಿಗಳಿಗೂ ಹೇಳಿಕೊಡಬೇಕು.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ತೀರ ಸಪೂರ ಇರುವವರು, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರು ಇದರ ಗೊಡವೆಗೆ ಹೋಗುವುದು ಬೇಡ. ಬಿಪಿ ಮಾತ್ರೆಯವರೂ ಒಮ್ಮೆ ಕೇಳಿಕೊಳ್ಳಲಿ.

ಕೆಲಸದವರ ವಿಷಯ

ನಮ್ಮಲ್ಲಿ ನವರಾತ್ರಿ ಮಾಡುವ ಹುಡುಗರಿದ್ದಾರೆ, ರಂಜಾನ್ ಉಪವಾಸ ಹಿಡಿಯುವವರಿದ್ದಾರೆ. ಅಂಥ ದಿನಗಳಲ್ಲಿ ಅವರನ್ನು ದೋಸೆ ಕಾವಲಿಯ ಮುಂದೆ ತುಂಬ ಹೊತ್ತು ನಿಲ್ಲಿಸದೆ, ಬೇರೆ ಕೆಲಸಕ್ಕೆ ಹಾಕಬೇಕು. ಧಣಿ ಉಪವಾಸ ಶುರು ಮಾಡಿದನೆಂದು ಹುಡುಗರ ರಾತ್ರಿ ಊಟದ ಹೊತ್ತು ಬದಲಿಸಬಾರದು. ಅವರದು ಮೈಮುರಿಯುವ ದುಡಿಮೆ, ಅವರ ಹೊಟ್ಟೆಯ ಲೆಕ್ಕ ಬೇರೆ.

ಬರುವ ಏಕಾದಶಿಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ಸಕ್ಕರೆ ಮತ್ತು ಬಿಪಿ ಒಂದು ಸಲ ನೋಡಿಸಿಕೊಳ್ಳಿ. ಡಾಕ್ಟರು ಸರಿ ಎಂದರೆ ಆ ರಾತ್ರಿಯಿಂದಲೇ ಏಳರ ಊಟ ಶುರು ಮಾಡಿ. ಇದಕ್ಕೆ ಪೈಸೆ ಖರ್ಚಿಲ್ಲ, ಮಿಕ್ಕಿದ ಊಟ ಹುಡುಗರ ಪಾಲಿಗೆ ಬರುತ್ತದೆ.