ಹಗಲಿನ ವ್ಯಾಯಾಮ, ರಾತ್ರಿಯ ನಿದ್ದೆ ಮತ್ತು ದೇಹದ ಕೊಬ್ಬು

ನಮ್ಮ ಧರ್ಮಕೇಂದ್ರಗಳಲ್ಲಿ ಆರೋಗ್ಯ ತಪಾಸಣಾ ಶಿಬಿರ ನಡೆದಾಗಲೆಲ್ಲ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಎಂಬ ಮೂರು ಮಾತುಗಳು ತಪ್ಪದೆ ಕೇಳಿಬರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ದಿನಾಲೂ ನಡೆಯಿರಿ ಎಂದು ವೈದ್ಯರು ಹೇಳುತ್ತಾರೆ. ಹಾಗಾದರೆ ಹಗಲಿನಲ್ಲಿ ಒಂದು ಗಂಟೆ ನಡೆದುದರ ಫಲ ಆ ಒಂದು ಗಂಟೆಗೇ ಮುಗಿಯುತ್ತದೆಯೇ, ಅಥವಾ ರಾತ್ರಿ ಮಲಗಿದ ಮೇಲೂ ಮುಂದುವರಿಯುತ್ತದೆಯೇ? ಈ ಪ್ರಶ್ನೆಗೆ ವಿಜ್ಞಾನ ಏನು ಉತ್ತರ ಕೊಡುತ್ತದೆ ಎಂಬುದನ್ನು ತಿಳಿದುಕೊಳ್ಳೋಣ.

ನಿದ್ದೆಯಲ್ಲಿ ದೇಹ ಏನು ಮಾಡುತ್ತದೆ?

ನಾವು ಮಲಗಿದಾಗಲೂ ಹೃದಯ, ಶ್ವಾಸಕೋಶ, ಮೆದುಳು ಮತ್ತು ಪಿತ್ತಜನಕಾಂಗ ಕೆಲಸ ಮಾಡುತ್ತಲೇ ಇರುತ್ತವೆ. ಇದಕ್ಕೆ ಬೇಕಾದ ಶಕ್ತಿ ಮುಖ್ಯವಾಗಿ ಎರಡು ಮೂಲಗಳಿಂದ ಬರುತ್ತದೆ. ಒಂದು, ಊಟದಿಂದ ಬಂದ ಸಕ್ಕರೆ ಅಂಶ. ಇದು ಗ್ಲೈಕೋಜೆನ್ ಎಂಬ ರೂಪದಲ್ಲಿ ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂನಷ್ಟು ಶೇಖರವಾಗಿರುತ್ತದೆ. ಇನ್ನೊಂದು, ಹಲವು ಕಿಲೋಗಳಷ್ಟಿರುವ ಕೊಬ್ಬು. ಒಂದು ಗ್ರಾಂ ಸಕ್ಕರೆ ಅಂಶದಿಂದ 4 ಕ್ಯಾಲೊರಿ ಸಿಕ್ಕಿದರೆ, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ಸಿಗುತ್ತದೆ.

ಊಟವಾದ ಕೂಡಲೇ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಏರಿರುವಷ್ಟು ಹೊತ್ತು ಕೊಬ್ಬಿನ ಉಗ್ರಾಣದ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಊಟ ಜೀರ್ಣವಾಗಿ ಇನ್ಸುಲಿನ್ ಇಳಿದಂತೆ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಗಾಢ ನಿದ್ದೆಯಲ್ಲಿ ಹೆಚ್ಚಾಗಿ ಸ್ರವಿಸುವ ಬೆಳವಣಿಗೆಯ ಹಾರ್ಮೋನು ಕೂಡ ಈ ಕೆಲಸಕ್ಕೆ ನೆರವಾಗುತ್ತದೆ. ಅಂದರೆ ರಾತ್ರಿಯ ಉಪವಾಸವೇ ಕೊಬ್ಬು ಬಳಕೆಯಾಗುವ ಸಹಜ ಸಮಯ. ಹೀಗೆ ಉರಿದ ಕೊಬ್ಬು ಬೆವರಾಗಿಯೇ ಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 2014ರಲ್ಲಿ ತೋರಿಸಿಕೊಟ್ಟಂತೆ, 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕವೂ ಉಳಿದ 1.6 ಕಿಲೋ ನೀರಾಗಿಯೂ ಹೊರಹೋಗುತ್ತದೆ.

ವ್ಯಾಯಾಮದ ಪಾತ್ರ

ನಡೆಯುವಾಗ, ಸೈಕಲ್ ತುಳಿಯುವಾಗ ಅಥವಾ ತೋಟದಲ್ಲಿ ದುಡಿಯುವಾಗ ಸ್ನಾಯುಗಳ ಗ್ಲೈಕೋಜೆನ್ ಖರ್ಚಾಗುತ್ತದೆ. ಬಳಿಕ ಮಾಡಿದ ಊಟದ ಅನ್ನದ ಒಂದು ಭಾಗ ಉರುವಲಾಗುವ ಬದಲು ಖಾಲಿಯಾದ ಆ ಉಗ್ರಾಣವನ್ನು ತುಂಬಲು ಹೋಗುತ್ತದೆ. ಆಗ ದೇಹ ತನ್ನ ನಿತ್ಯದ ಖರ್ಚಿಗೆ, ನಿದ್ದೆಯ ಹೊತ್ತೂ ಸೇರಿದಂತೆ, ಕೊಬ್ಬಿನ ಕಡೆಗೆ ಕೈ ಚಾಚಬೇಕಾಗುತ್ತದೆ. ವಾರಗಟ್ಟಲೆ ವ್ಯಾಯಾಮ ಮುಂದುವರಿಸಿದರೆ ಸ್ನಾಯುಗಳಿಗೆ ಕೊಬ್ಬನ್ನು ಬಳಸುವ ಸಾಮರ್ಥ್ಯವೇ ಹೆಚ್ಚುತ್ತದೆ.

ಇದನ್ನು ಅಳೆಯುವುದು ಹೇಗೆ? ಗಾಳಿಯ ಲೆಕ್ಕವಿಡುವ ಒಂದು ಮುಚ್ಚಿದ ಕೋಣೆಯಲ್ಲಿ ವ್ಯಕ್ತಿಯನ್ನು ಇಡೀ ದಿನ ಇರಿಸಿ, ಆತ ಸೇದಿಕೊಂಡ ಆಮ್ಲಜನಕ ಮತ್ತು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಾರೆ. ಇವೆರಡರ ಅನುಪಾತ 1ರ ಹತ್ತಿರವಿದ್ದರೆ ಸಕ್ಕರೆ ಅಂಶ, 0.7ರ ಹತ್ತಿರವಿದ್ದರೆ ಕೊಬ್ಬು ಉರಿಯುತ್ತಿದೆ ಎಂದರ್ಥ.

ಜಪಾನಿನ ತ್ಸುಕುಬಾ ವಿಶ್ವವಿದ್ಯಾನಿಲಯದ ಸಂಶೋಧಕರು ಇಂಥ ಕೋಣೆಯಲ್ಲಿ 10 ಮಂದಿ ಯುವಕರನ್ನು ಪರೀಕ್ಷಿಸಿ 2015ರಲ್ಲಿ ವರದಿ ನೀಡಿದರು. ವ್ಯಾಯಾಮವಿಲ್ಲದ ದಿನ 24 ಗಂಟೆಗಳಲ್ಲಿ ಸರಾಸರಿ 456 ಕ್ಯಾಲೊರಿಯಷ್ಟು ಕೊಬ್ಬು ಬಳಕೆಯಾಗಿತ್ತು. ಬೆಳಗಿನ ಉಪಾಹಾರಕ್ಕೆ ಮೊದಲು ಒಂದು ಗಂಟೆ ವ್ಯಾಯಾಮ ಮಾಡಿದ ದಿನ ಅದು 717 ಕ್ಯಾಲೊರಿಗೆ ಏರಿತು. ಮಧ್ಯಾಹ್ನ ಅಥವಾ ಸಂಜೆ ಮಾಡಿದಾಗ ಹೆಚ್ಚಳ ಕಾಣಲಿಲ್ಲ. ರಾತ್ರಿಯಿಡೀ ಹಸಿದ ದೇಹದಲ್ಲಿ ಗ್ಲೈಕೋಜೆನ್ ಮೊದಲೇ ತಗ್ಗಿರುವುದು ಇದಕ್ಕೆ ಕಾರಣವೆಂದು ಅವರು ವಿವರಿಸಿದರು.

ಇಲ್ಲಿ ಒಂದು ವಿಷಯವನ್ನು ಮರೆಯಬಾರದು. ವ್ಯಾಯಾಮದಲ್ಲಿ ಖರ್ಚಾದಷ್ಟನ್ನೇ ತಿಂದು ತುಂಬಿಸಿಕೊಂಡರೆ ಇಡೀ ದಿನದ ಕೊಬ್ಬಿನ ಬಳಕೆ ಸಾಮಾನ್ಯವಾಗಿ ಹೆಚ್ಚುವುದಿಲ್ಲ ಎಂದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ತಜ್ಞರು 2009ರಲ್ಲೇ ಎಚ್ಚರಿಸಿದ್ದಾರೆ. 60 ಕಿಲೋ ತೂಕದವರು ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ ಮಾತ್ರ. ವಾಪಸು ಬರುವಾಗ ಹೋಟೆಲಿನಲ್ಲಿ ಎರಡು ಬನ್ಸ್ ಮತ್ತು ಸಕ್ಕರೆ ಹಾಕಿದ ಚಹಾ ಸೇವಿಸಿದರೆ ಆ ಲೆಕ್ಕ ತಲೆಕೆಳಗಾಗುತ್ತದೆ. ರಾತ್ರಿ ತಡವಾಗಿ ಹೊಟ್ಟೆ ತುಂಬ ಉಂಡು ಮಲಗಿದರೂ ಅಷ್ಟೇ, ನಿದ್ದೆಯ ಮೊದಲ ಗಂಟೆಗಳು ಆ ಊಟವನ್ನು ಉರಿಸುವುದರಲ್ಲೇ ಕಳೆದುಹೋಗುತ್ತವೆ.

ಹಿರಿಯರ ನಡಿಗೆ

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸುವವರು ಮಧ್ಯರಾತ್ರಿಯಿಂದ ನೀರನ್ನೂ ಕುಡಿಯದೆ ಉಪವಾಸವಿರಬೇಕಿತ್ತು. ಪೋಪ್ 12ನೇ ಪಿಯುಸ್‌ರವರು 1953ರಲ್ಲಿ ನೀರಿಗೆ ಅನುಮತಿ ನೀಡಿ, 1957ರಲ್ಲಿ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಪೋಪ್ 6ನೇ ಪೌಲರು ಅದನ್ನು ಒಂದು ಗಂಟೆಗೆ ಸೀಮಿತಗೊಳಿಸಿದರು. ಅಂದು ಗದ್ದೆಯ ಹುಣಿಯ ಮೇಲೆ ಮೈಲುಗಟ್ಟಲೆ ನಡೆದು ಬೆಳಗಿನ ಬಲಿಪೂಜೆಗೆ ಬರುತ್ತಿದ್ದವರು ಭಕ್ತಿಯಿಂದ ಬರುತ್ತಿದ್ದರೇ ಹೊರತು ಕೊಬ್ಬು ಕರಗಿಸಲು ಅಲ್ಲ. ಆದರೂ ಆ ನಡಿಗೆ ದೇಹಕ್ಕೆ ಹಿತವಾಗಿತ್ತು. ಇಂದು ಅರ್ಧ ಮೈಲಿಗೂ ಸ್ಕೂಟರ್ ಹತ್ತುವ ನಾವು ದೇವಾಲಯಕ್ಕೆ ನಡೆದು ಹೋಗುವ ರೂಢಿಯನ್ನು ಮತ್ತೆ ಆರಂಭಿಸಬಹುದು.

ಎಚ್ಚರಿಕೆ ಅಗತ್ಯ

ಜಪಾನಿನ ಪರೀಕ್ಷೆಯಲ್ಲಿ ಭಾಗವಹಿಸಿದವರೆಲ್ಲ ಆರೋಗ್ಯವಂತ ಯುವಕರು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಖಾಲಿ ಹೊಟ್ಟೆಯಲ್ಲಿ ದೂರ ನಡೆಯಬಾರದು. ಅಂಥವರಿಗೆ ಹಗಲಿನ ಶ್ರಮದ ಪರಿಣಾಮ ಹಲವು ಗಂಟೆಗಳ ಬಳಿಕ, ನಿದ್ದೆಯಲ್ಲೂ ಕಾಣಿಸಿಕೊಂಡು ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಮಲಗಿದವರು ವಿಪರೀತ ಬೆವರಿದರೆ, ನಡುಗಿದರೆ ಅಥವಾ ಗೊಂದಲದಿಂದ ಮಾತನಾಡಿದರೆ ಮನೆಯವರು ಗಮನಿಸಬೇಕು. ಪ್ರಜ್ಞೆ ಇದ್ದು ನುಂಗಲು ಸಾಧ್ಯವಿದ್ದರೆ ಕೂಡಲೇ ಸಕ್ಕರೆ ನೀರು ಕೊಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕೊಂಡೊಯ್ಯಬೇಕು.

ತಪಸ್ಸುಕಾಲದಲ್ಲಿ ಪಾದಯಾತ್ರೆ ಏರ್ಪಡಿಸುವ ಗುರಿಕಾರರು ಮತ್ತು ಯುವ ಸಂಘಟನೆಗಳ ಮುಖಂಡರು ಇದನ್ನು ವಿಶೇಷವಾಗಿ ನೆನಪಿಡಬೇಕು. ಧರ್ಮಸಭೆಯ ನಿಯಮದಂತೆ ಉಪವಾಸದ ಕಡ್ಡಾಯ 18 ವರ್ಷ ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಹಿರಿಯರು ಹಾಗೂ ರೋಗಿಗಳು ಸಂಕೋಚ ಪಡಬೇಕಾಗಿಲ್ಲ.

ನಾವೇನು ಮಾಡಬಹುದು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮವನ್ನು ಸೂಚಿಸಿದೆ. ಬೆಳಿಗ್ಗೆ ಸಾಧ್ಯವಾಗದವರು ಸಂಜೆ ನಡೆದರೂ ಸರಿ. ಹೃದಯಕ್ಕೆ, ಸಕ್ಕರೆಯ ಹತೋಟಿಗೆ, ಒಳ್ಳೆಯ ನಿದ್ದೆಗೆ ಅದರಿಂದ ಲಾಭವಿದೆ. ರಾತ್ರಿಯ ಊಟವನ್ನು ಬೇಗ ಮುಗಿಸಿ, ಜಪಸರದ ಬಳಿಕ ಟಿ.ವಿ., ಮೊಬೈಲ್ ಬದಿಗಿಟ್ಟು ಹೊತ್ತಿಗೆ ಸರಿಯಾಗಿ ಮಲಗಿದರೆ ಹಗಲಿನ ಶ್ರಮ ಸಾರ್ಥಕವಾಗುತ್ತದೆ. ವಾರ್ಡಿನ ಸಭೆಗಳಲ್ಲಿ ಈ ಬಗ್ಗೆ ಚರ್ಚಿಸಿ, ನೆರೆಹೊರೆಯವರು ಜೊತೆಗೂಡಿ ನಡೆಯುವ ಅಭ್ಯಾಸವನ್ನು ಆರಂಭಿಸೋಣ. ದೇವರು ಕೊಟ್ಟ ದೇಹವನ್ನು ಜೋಪಾನ ಮಾಡುವುದೂ ನಮ್ಮ ಕರ್ತವ್ಯವಲ್ಲವೇ?