ಫಿರೋಜಾ: ಕಟ್ಟಿಸುವ ಮುನ್ನ ತೂಗಿ ನೋಡಿ

ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನರ ಸಿಂಹಾಸನಕ್ಕೆ ‘ತಖ್ತ್-ಎ-ಫಿರೋಜಾ’ ಎಂದು ಹೆಸರು. ಮೈತುಂಬ ಫಿರೋಜಾ ಹರಳು ಕೂರಿಸಿದ್ದರೇನೋ ಅನಿಸುತ್ತದೆ. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಹೇಳುವುದೇ ಬೇರೆ: ಆಸನದ ಮೇಲಿದ್ದ ಆಕಾಶನೀಲಿ ಮೀನಾ ಕೆಲಸದಿಂದ ಆ ಹೆಸರು ಬಂತು. ಬಣ್ಣ ಫಿರೋಜಾದ್ದು, ಕಲ್ಲು ಅಲ್ಲ. ಬಿಡಿ ಫಿರೋಜಾ ಹರಳೊಂದು ಪೊಟ್ಟಣದಿಂದ ಅಂಗೈಗೆ ಬಿದ್ದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಫಿರೋಜಾ ಎಂದರೆ ತಾಮ್ರ, ಅಲ್ಯೂಮಿನಿಯಂ ಮತ್ತು ನೀರಿನಂಶ ಕೂಡಿದ ಫಾಸ್ಫೇಟ್ ಖನಿಜ. ನೀಲಿ ತಾಮ್ರದಿಂದ, ಕಬ್ಬಿಣ ಸೇರಿದಷ್ಟೂ ಬಣ್ಣ ಹಸಿರಿಗೆ ತಿರುಗುತ್ತದೆ. ಇದರ ವೇಷ ಹಾಕುವವರಲ್ಲಿ ಮುಖ್ಯ ಹೌಲೈಟ್ ಮತ್ತು ಮ್ಯಾಗ್ನೆಸೈಟ್. ಎರಡೂ ಬಿಳಿ ಕಲ್ಲುಗಳು, ಬಣ್ಣ ಹೀರುತ್ತವೆ, ಗೆರೆಗಳು ಹುಟ್ಟಿನಿಂದಲೇ ಇರುತ್ತವೆ. ಕಣ್ಣೊಂದನ್ನೇ ನಂಬಿದರೆ ಮೋಸ ಹೋಗುವುದು ಖಂಡಿತ.

ಬಿಡಿ ಹರಳಿನ ದೊಡ್ಡ ಅನುಕೂಲವೆಂದರೆ ಅದನ್ನು ನೀರಿನಲ್ಲಿ ತೂಗಬಹುದು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು. ಮೊದಲು ಹರಳನ್ನು ಹಾಗೆಯೇ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ; ಹರಳಿಗೆ ತೆಳ್ಳನೆ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಬಂದ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 5.52 ಗ್ರಾಂ ಹರಳಿಗೆ ಲೋಟದ ತಕ್ಕಡಿ 2.00 ತೋರಿಸಿದರೆ ಉತ್ತರ 2.76. ಒಳ್ಳೆಯ ಫಿರೋಜಾ 2.6ರಿಂದ 2.9ರ ನಡುವೆ ನಿಲ್ಲುತ್ತದೆ. ಮ್ಯಾಗ್ನೆಸೈಟ್ ಸುಮಾರು 3, ಹೌಲೈಟ್ ಸುಮಾರು 2.5, ಪ್ಲಾಸ್ಟಿಕ್ಕು ಅದಕ್ಕಿಂತ ಎಷ್ಟೋ ಕೆಳಗೆ. ಬೇಗ ಮುಗಿಸಿ ಒರೆಸಿಡಿ, ಏಕೆಂದರೆ ಫಿರೋಜಾ ನೀರು ಕುಡಿಯುವ ಕಲ್ಲು.

ಆಮೇಲೆ ಭೂತಗನ್ನಡಿ. ಬಿರುಕುಗಳಲ್ಲಿ ನೀಲಿ ಗಾಢವಾಗಿ ಕೂತಿದ್ದರೆ ಬಣ್ಣ ಹಾಕಿದ್ದಾರೆಂದು ಅನುಮಾನಿಸಬೇಕು. ಅಸಿಟೋನ್ ಅದ್ದಿದ ಹತ್ತಿಯನ್ನು ಬೆನ್ನಿನ ಮೂಲೆಯೊಂದಕ್ಕೆ ಒತ್ತಿದರೆ ಎಷ್ಟೋ ಬಣ್ಣಗಳು ಹತ್ತಿಗೆ ಅಂಟುತ್ತವೆ. ಕಾದ ಸೂಜಿ ಚುಚ್ಚಿ ಪ್ಲಾಸ್ಟಿಕ್ ವಾಸನೆ ಹಿಡಿಯುವ ಹಳೆಯ ಪರೀಕ್ಷೆಯನ್ನು ಮಾತ್ರ ದಯವಿಟ್ಟು ಮಾಡಬೇಡಿ. ಕಲೆ ಉಳಿದುಬಿಡುತ್ತದೆ.

ಇಷ್ಟೆಲ್ಲ ದಾಟಿ ಬಂದ ಹರಳೂ ಬೆಲೆಯಲ್ಲಿ ಸೋಲಬಹುದು. ಗಣಿಯಿಂದ ಬರುವ ಫಿರೋಜಾ ಬಹುಪಾಲು ಮೆದು, ಸೀಮೆಸುಣ್ಣದಂಥದ್ದು. ಅದಕ್ಕೆ ರಾಳ ಉಣಿಸಿ ಗಟ್ಟಿ ಮಾಡುತ್ತಾರೆ. ಇದು ನಕಲಿಯಲ್ಲ, ಆದರೆ ಏನೂ ಮಾಡದೆಯೇ ಗಟ್ಟಿಯಾಗಿ, ನೀಲಿಯಾಗಿ ಹುಟ್ಟಿದ ಹರಳಿನ ಬೆಲೆ ಇದಕ್ಕೆ ಸಲ್ಲದು. ಅಂಗಡಿಯಲ್ಲಿ ನಾವು ಕೇಳುವುದು ‘ಅಸಲಿಯೇ?’ ಎಂದು. ಕೇಳಬೇಕಾದದ್ದು ‘ಇದಕ್ಕೆ ಏನು ಮಾಡಿದ್ದೀರಿ?’ ಎಂದು. ಒಳಗೆ ಇಳಿದ ರಾಳವನ್ನು ಪ್ರಯೋಗಾಲಯದ ಅವಗೆಂಪು ಪರೀಕ್ಷೆ ಪತ್ತೆ ಹಚ್ಚುತ್ತದೆ. ದುಬಾರಿ ಹರಳಿಗೆ ಆ ಖರ್ಚು ಮಾಡಲೇಬೇಕು.

ಇನ್ನು ಗೆರೆಗಳ ಮಾತು. ಇರಾನಿನ ನಿಶಾಪುರದ ಗಣಿಗಳಿಂದ ಬಂದ ಪದ್ಧತಿಯಲ್ಲಿ ಗೆರೆಯಿಲ್ಲದ, ಸಮನಾದ ಆಕಾಶನೀಲಿಯೇ ಮೇಲು. ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಜೇಡರ ಬಲೆಯಂಥ ನವಿರು ಗೆರೆಗಳಿಗೇ ಹೆಚ್ಚು ಕೊಡುವವರಿದ್ದಾರೆ. ಅಲ್ಲಿಯೇ, ಅರಿಜೋನಾದ ‘ಸ್ಲೀಪಿಂಗ್ ಬ್ಯೂಟಿ’ ಗಣಿ ಗೆರೆಯಿಲ್ಲದ ನೀಲಿಗೆ ಹೆಸರಾಗಿತ್ತು. 2012ರಲ್ಲಿ ಅಲ್ಲಿ ಫಿರೋಜಾ ತೆಗೆಯುವುದು ನಿಂತಿತು. ಹೀಗಾಗಿ ಗಣಿಯ ಹೆಸರಿಗೂ ಬೆಲೆ ಕಟ್ಟುತ್ತಾರೆ. ಆದರೆ ಹರಳು ನೋಡಿದೊಡನೆ ಊರು ಹೇಳುವವರನ್ನು ನಾನು ನಂಬುವುದಿಲ್ಲ. ದಾಖಲೆ ಇಲ್ಲದ ಊರಿಗೆ ಹೆಚ್ಚಿನ ದುಡ್ಡು ಕೊಡಬೇಡಿ.

ತೂಕ ಕ್ಯಾರೆಟ್ಟಿನಲ್ಲಿ, ಗ್ರಾಮಿಗೆ ಐದು. ಬಿಲ್ಲಿನಲ್ಲಿ ತೂಕದ ಜೊತೆ, ರಾಳ ಅಥವಾ ಬಣ್ಣ ಸೇರಿಸಿದ್ದಾರೆಯೇ ಎಂಬುದನ್ನೂ ಬರೆಸಿಕೊಳ್ಳಿ. ಹಿಂದೂ ಮುಂದೂ ಫೋಟೊ ತೆಗೆದಿಡಿ. ಆಮೇಲೆ ಅಕ್ಕಸಾಲಿಗರ ಬಳಿ ಹೋಗಿ, ಹರಳಿಗೆ ಬೆಂಕಿಯ ಬಿಸಿ ತಾಗಬಾರದೆಂದು ಮೊದಲೇ ಹೇಳಿ. ಮುಚ್ಚಿದ ಮನೆಯಲ್ಲಿ ಕೂರಿಸಿದರೆ ಅದರ ಬೆನ್ನು ಮತ್ತೆ ಕಾಣಸಿಗುವುದಿಲ್ಲ.