ಅಡಿಟಿಪ್ಪಣಿಯಲ್ಲಿ ಬಂಡಾಯ ಹೂಡಿದ ಕಣ್ಣಿನ ಡಾಕ್ಟರು

ಬದುಕಿದ್ದು ಬರೀ ಮೂವತ್ತೈದು ವರ್ಷ. ಅಷ್ಟರಲ್ಲಿ ಈತ ಕಣ್ಣಿನ ಶಸ್ತ್ರಚಿಕಿತ್ಸೆ ಕಲಿತ, ಎರಡು ದೊಡ್ಡ ಕಾದಂಬರಿ ಬರೆದ, ಶಿಲ್ಪ ಕೆತ್ತಿದ, ಶಾಲೆ ನಡೆಸಿದ, ಒಂದು ಊರಿಗೆ ಕುಡಿಯುವ ನೀರು ತಂದ, ಷಿಲರನ ಜರ್ಮನ್ ನಾಟಕವನ್ನು ತನ್ನ ತಾಯ್ನುಡಿ ತಗಾಲೊಗ್‌ಗೆ ಇಳಿಸಿದ, ಸಾಲದ್ದಕ್ಕೆ ಲಾಟರಿಯನ್ನೂ ಗೆದ್ದ! ಒಂದು ಹಾರುವ ಓತಿಗೆ, ಒಂದು ಕಪ್ಪೆಗೆ, ಒಂದು ಜೀರುಂಡೆಗೆ ವಿಜ್ಞಾನಿಗಳು ಈತನ ಹೆಸರಿಟ್ಟರು. 1896ರ ಡಿಸೆಂಬರ್ 30ರ ಬೆಳಿಗ್ಗೆ ಮನಿಲಾದ ಬಗುಂಬಾಯನ್ ಮೈದಾನದಲ್ಲಿ ಸ್ಪೇನ್ ಸರ್ಕಾರ ಈತನನ್ನು ಗುಂಡಿಟ್ಟು ಕೊಂದಿತು.

ಹೆಸರು ಹೊಸೆ ರಿಸಾಲ್. ಫಿಲಿಪ್ಪೀನ್ಸಿನ ರಾಷ್ಟ್ರವೀರ. ರಾಷ್ಟ್ರವೀರ ಎಂದೊಡನೆ ಕುದುರೆ ಮೇಲೆ ಕತ್ತಿ ಝಳಪಿಸುವವನನ್ನು ಹುಡುಕುತ್ತೇವಲ್ಲ, ಇಲ್ಲಿ ಸಿಗುವುದಿಲ್ಲ. ಮನಿಲಾದ ಸ್ಮಾರಕದಲ್ಲಿ ನಿಂತಿರುವವನು ಓವರ್‌ಕೋಟು ತೊಟ್ಟು ಪುಸ್ತಕ ಹಿಡಿದಿದ್ದಾನೆ. ಈತ ಬರೆದ ರಾಶಿಯಲ್ಲಿ ಎಲ್ಲಕ್ಕಿಂತ ಮೊದಲು ಯಾವುದನ್ನು ಓದಬೇಕು ಎಂದು ಕೇಳಿದರೆ ನಾನು ತೋರಿಸುವುದು ಒಂದು ಅಡಿಟಿಪ್ಪಣಿಯನ್ನು. ಅದೂ ಮೀನಿನ ಬಗ್ಗೆ!

ಕೊಳೆತದ್ದಲ್ಲ, ಸ್ವಾಮಿ!

1888. ಲಂಡನ್. ಇಂಡಿಯಾ ಆಫೀಸ್ ಗ್ರಂಥಾಲಯದ ಮುಖ್ಯಸ್ಥ, ಪೌರಾತ್ಯ ಭಾಷೆಗಳ ಪಂಡಿತ ರೈನ್‌ಹೋಲ್ಡ್ ರಾಸ್ಟ್ ಅವರ ನೆರವಿನಿಂದ ರಿಸಾಲ್ ಬ್ರಿಟಿಷ್ ಮ್ಯೂಸಿಯಮ್ಮಿನ ಓದುಕೋಣೆ ಸೇರುತ್ತಾನೆ. ಅಲ್ಲಿ ಒಂದು ಅಪರೂಪದ ಪುಸ್ತಕ: ಆಂತೋನಿಯೊ ದೆ ಮೋರ್ಗ ಎಂಬ ಸ್ಪ್ಯಾನಿಷ್ ಅಧಿಕಾರಿ ಫಿಲಿಪ್ಪೀನ್ಸಿನ ಬಗ್ಗೆ ಬರೆದು 1609ರಲ್ಲಿ ಮೆಕ್ಸಿಕೋದಲ್ಲಿ ಅಚ್ಚು ಹಾಕಿಸಿದ್ದು. ರಿಸಾಲ್ ಅದನ್ನು ಕೈಯಾರೆ ನಕಲು ಮಾಡಿಕೊಳ್ಳುತ್ತಾನೆ. ಇಡೀ ಪುಸ್ತಕವನ್ನು!

ಯಾಕಿಷ್ಟು ಹಟ? ನಾವು ಬರುವ ಮೊದಲು ನೀವು ಕಾಡುಜನ ಆಗಿದ್ದಿರಿ ಎಂದು ಸ್ಪೇನಿನವರು ಹೇಳುತ್ತಲೇ ಬಂದಿದ್ದರು. ಸರಿ, ಹಾಗಾದರೆ ನಿಮ್ಮವನನ್ನೇ ಸಾಕ್ಷಿಗೆ ಕರೆಯುತ್ತೇನೆ ಎಂದ ರಿಸಾಲ್. ಸ್ಪ್ಯಾನಿಷ್ ಆಳ್ವಿಕೆಯ ಮೊದಲ ದಶಕಗಳಲ್ಲಿ ಅಲ್ಲಿದ್ದ ಮೋರ್ಗನ ಬರಹದಲ್ಲೇ ದ್ವೀಪದ ಜನರ ಹಡಗು, ವ್ಯಾಪಾರ, ಕಸುಬು ಎಲ್ಲ ದಾಖಲಾಗಿತ್ತಲ್ಲ! ಅಲ್ಲಲ್ಲಿ ಬಿಡಿಸಿ ಹೇಳಿ, ಅಲ್ಲಲ್ಲಿ ತಕರಾರು ಎತ್ತಿ, ಪುಟದ ಕೆಳಗೆ ಟಿಪ್ಪಣಿ ಪೋಣಿಸುತ್ತಾ ಹೋದ. ಇಲ್ಲಿನ ಜನಕ್ಕೆ ಕೊಳೆಯಲು ಶುರುವಾದ ಮೀನೇ ಇಷ್ಟ ಎಂದು ಮೋರ್ಗ ಬರೆದಿದ್ದನಲ್ಲ, ಆ ಪುಟಕ್ಕೆ ಬಂದಾಗ ರಿಸಾಲನ ಪೆನ್ನು ಚುರುಕಾಗುತ್ತದೆ. ತಮಗೆ ರೂಢಿಯಿಲ್ಲದ ಊಟವನ್ನು ಕಂಡರೆ ಮೂಗು ಮುರಿಯುವುದು ಎಲ್ಲ ದೇಶದವರ ಚಾಳಿ. ನೀವು ಹೇಳುವ ಆ ಪದಾರ್ಥ ಬಾಗೂಂಗ್, ತಿಂದು ನೋಡಿದವರಿಗೆ ಅದು ಕೊಳೆತದ್ದಲ್ಲ ಎಂದು ಗೊತ್ತು ಎಂಬುದು ಟಿಪ್ಪಣಿಯ ತಿರುಳು. ಉಪ್ಪು ಹಾಕಿ ಹುದುಗಿಸಿದ ಮೀನಿನ ಪರವಾಗಿ ವಕಾಲತ್ತು! ಕೂಗಾಟವಿಲ್ಲ, ಘೋಷಣೆಯಿಲ್ಲ. ತಿಂದವನನ್ನು ಕೇಳಿ, ಅಷ್ಟೆ.

ಇನ್ನೂ ಸೋಜಿಗದ ಸಂಗತಿ ಕೇಳಿ. ಈ ಟಿಪ್ಪಣಿಗಳೊಂದಿಗೆ ರಿಸಾಲ್ ಮತ್ತೆ ಅಚ್ಚು ಹಾಕಿಸಿದ ಮೋರ್ಗನ ಪುಸ್ತಕಕ್ಕೆ ಮುನ್ನುಡಿ ಬರೆದವರು ಫರ್ಡಿನಾಂಡ್ ಬ್ಲುಮೆಂಟ್ರಿಟ್, ಬೊಹೀಮಿಯದ ಲೈಟ್ಮೆರಿಟ್ಸ್ ಊರಿನ ಮೇಷ್ಟ್ರು, ರಿಸಾಲನ ಜೀವದ ಗೆಳೆಯ. ಇಂದಿನ ಕಣ್ಣಿನಿಂದ ಅಂದಿನವರನ್ನು ಅಳೆಯುತ್ತೀಯ ಎಂದು ಅವರು ಆ ಮುನ್ನುಡಿಯಲ್ಲೇ ಗೆಳೆಯನನ್ನು ತರಾಟೆಗೆ ತೆಗೆದುಕೊಂಡರು. ರಿಸಾಲ್ ಅದನ್ನು ಹಾಗೆಯೇ ಅಚ್ಚು ಹಾಕಿಸಿದ, ತನ್ನದೇ ಪುಸ್ತಕದಲ್ಲಿ!

ರಿಸಾಲನ ವಿವೇಕ ಎಲ್ಲಿದೆ ಎಂದರೆ ಇಲ್ಲಿದೆ. ನಮ್ಮ ಬಗ್ಗೆ ಯಾರೇ ಏನೇ ಹೇಳಲಿ, ಪುರಾವೆ ಕೇಳು. ನಿನ್ನ ಪುರಾವೆಯನ್ನೂ ಬೇರೆಯವರು ಜಾಲಾಡಲಿ. ತಮಾಷೆ ಏನು ಗೊತ್ತೆ? ಈ ಒರೆಗಲ್ಲಿಗೆ ರಿಸಾಲನ ಹೆಸರಲ್ಲಿ ಓಡಾಡುವ ನುಡಿಮುತ್ತುಗಳನ್ನೂ ತಿಕ್ಕಬೇಕಾಗುತ್ತದೆ. ತಾಯ್ನುಡಿಯನ್ನು ಪ್ರೀತಿಸದವನು ನಾರುವ ಮೀನಿಗಿಂತ ಕಡೆ ಎಂಬ ಪದ್ಯವನ್ನು ಆತ ಎಂಟನೇ ವಯಸ್ಸಿನಲ್ಲಿ ಬರೆದ ಎಂದು ಫಿಲಿಪ್ಪೀನ್ಸಿನಲ್ಲಿ ತಲೆಮಾರುಗಳ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಆದರೆ ಅದರ ಹಸ್ತಪ್ರತಿ ಇಲ್ಲ. ಅದು ಮೊದಲು ಅಚ್ಚಾದದ್ದು 1906ರಲ್ಲಿ, ಆತ ಸತ್ತು ಹತ್ತು ವರ್ಷದ ಮೇಲೆ. ಇದು ರಿಸಾಲನದ್ದಲ್ಲ ಎನ್ನುತ್ತಾರೆ ಅಂಬೇತ್ ಒಕಾಂಪೊ ಅವರಂಥ ಇತಿಹಾಸಕಾರರು. ಮೀನನ್ನು ಹಳಿದ ಪದ್ಯ ಊರೆಲ್ಲ ಮನೆಮಾತು, ಮೀನಿನ ಮಾನ ಕಾಪಾಡಿದ ಟಿಪ್ಪಣಿ ಪುಸ್ತಕದ ತಳದಲ್ಲಿ!

ಒಂಬತ್ತೇ ವರ್ಷದಲ್ಲಿ ನಿಜವಾದ ಭವಿಷ್ಯ

1889ರಲ್ಲಿ ರಿಸಾಲ್ ಇನ್ನೊಂದು ಕೆಲಸಕ್ಕೆ ಕೈ ಹಾಕಿದ. ಸ್ಪೇನಿನಲ್ಲಿದ್ದ ಫಿಲಿಪಿನೋ ಸುಧಾರಕರ ಪತ್ರಿಕೆ 'ಲಾ ಸೊಲಿದಾರಿದಾದ್'ನಲ್ಲಿ ನೂರು ವರ್ಷದ ನಂತರದ ಫಿಲಿಪ್ಪೀನ್ಸ್ ಹೇಗಿರಬಹುದು ಎಂದು ಲೇಖನಮಾಲೆ ಶುರುಮಾಡಿದ. ಸ್ಪೇನ್ ಸುಧಾರಿಸದಿದ್ದರೆ ದ್ವೀಪಗಳು ಕೈಬಿಟ್ಟು ಹೋಗುತ್ತವೆ. ಹೋದರೆ ಯಾರು ಬರುತ್ತಾರೆ? ಯುರೋಪಿನ ಒಂದೊಂದೇ ದೇಶವನ್ನು ಲೆಕ್ಕ ಹಾಕಿ ತಳ್ಳಿಹಾಕುತ್ತಾ, ಪೆಸಿಫಿಕ್ಕಿನ ಆಚೆ ದಡದಲ್ಲಿರುವ ಅಮೆರಿಕಕ್ಕೆ ಒಂದು ದಿನ ಆಸೆ ಹುಟ್ಟಬಹುದು, ಅದರ ಸಂಪ್ರದಾಯಕ್ಕೆ ಅದು ಒಗ್ಗದಿದ್ದರೂ, ಎನ್ನುತ್ತಾನೆ. ನೂರು ವರ್ಷ ಬೇಕಾಗಲಿಲ್ಲ. 1898ರ ಪ್ಯಾರಿಸ್ ಒಪ್ಪಂದದಲ್ಲಿ ಅಮೆರಿಕ ಎರಡು ಕೋಟಿ ಡಾಲರ್ ತೆತ್ತು ಫಿಲಿಪ್ಪೀನ್ಸನ್ನು ಪಡೆದುಕೊಂಡಿತು! ಮೈ ಜುಮ್ಮೆನ್ನುವುದಿಲ್ಲವೆ? ಇದು ಜ್ಯೋತಿಷ್ಯವಲ್ಲ. ನಕಾಶೆ ಬಿಡಿಸಿಟ್ಟು ಯಾರಿಗೆ ಏನು ಲಾಭ ಎಂದು ಕೇಳಿಕೊಂಡವನಿಗೆ ಸಿಕ್ಕ ಉತ್ತರ.

1890ರಲ್ಲಿ ಅದೇ ಪತ್ರಿಕೆಯಲ್ಲಿ ಫಿಲಿಪಿನೋ ಜನರ ಸೋಮಾರಿತನದ ಬಗ್ಗೆ ಸರಣಿ ಬರೆದ. ಸೋಮಾರಿಗಳೇ ಅಲ್ಲ ಎಂದು ವಾದಿಸುತ್ತಾನೆ ಅಂದುಕೊಳ್ಳುತ್ತೀರಿ. ಹೌದು, ಸೋಮಾರಿತನ ಇದೆ ಎಂದು ಒಪ್ಪಿಕೊಂಡುಬಿಡುತ್ತಾನೆ! ಆಮೇಲೆ ಒಂದೊಂದೇ ಪದರ ಬಿಡಿಸುತ್ತಾನೆ: ಬಿಟ್ಟಿ ದುಡಿಮೆ, ಯುದ್ಧಗಳು, ವ್ಯಾಪಾರಕ್ಕೆ ಬಿದ್ದ ಕಡಿವಾಣ, ಜೂಜಿಗೆ ಸಿಕ್ಕ ಉತ್ತೇಜನ, ಆತ್ಮಗೌರವವನ್ನೇ ಕೊಲ್ಲುವ ಪಾಠಶಾಲೆ. ಬೆಳೆದದ್ದು ತನ್ನ ಕೈಗೆ ಉಳಿಯುವುದಿಲ್ಲ ಎಂದು ಗೊತ್ತಾದ ರೈತ ಯಾಕೆ ಬೆವರು ಸುರಿಸಬೇಕು? ದುರಾಡಳಿತಕ್ಕೆ ಸೋಮಾರಿತನ ಕಾರಣವಲ್ಲ, ಅದರ ಫಲ. ರೋಗಲಕ್ಷಣವನ್ನು ರೋಗ ಎಂದು ತಪ್ಪಾಗಿ ತಿಳಿಯದ ಡಾಕ್ಟರ ಬರವಣಿಗೆ ಇದು.

ಮಲೋಲೊಸಿನ ಇಪ್ಪತ್ತು ಹೆಣ್ಣುಮಕ್ಕಳು

1888ರ ಡಿಸೆಂಬರ್ 12. ಮಲೋಲೊಸ್ ಪಟ್ಟಣದ ಇಪ್ಪತ್ತು ಯುವತಿಯರು ಗವರ್ನರ್ ಜನರಲ್ ವೇಯ್ಲರನ ಕೈಗೇ ಒಂದು ಅರ್ಜಿ ಕೊಟ್ಟರು. ನಮಗೆ ಸ್ಪ್ಯಾನಿಷ್ ಕಲಿಯಲು ರಾತ್ರಿಶಾಲೆ ಬೇಕು! ಊರ ಪಾದ್ರಿ ಅಡ್ಡಗಾಲು ಹಾಕಿದ. ಅವರು ಬಿಡಲಿಲ್ಲ, ಅನುಮತಿ ಪಡೆದೇ ತೀರಿದರು. ಸುದ್ದಿ ಲಂಡನ್ನಿಗೆ ಮುಟ್ಟಿ ರಿಸಾಲ್ ಅವರಿಗೆ ತಗಾಲೊಗ್‌ನಲ್ಲಿ ಉದ್ದನೆಯ ಪತ್ರ ಬರೆದ. ಗಂಟೆಗಟ್ಟಲೆ ಮೊಣಕಾಲೂರುವುದು, ಜಪಮಣಿ ಎಣಿಸುವುದು ಇದೇ ಭಕ್ತಿಯಲ್ಲ. ದೇವರು ಬುದ್ಧಿ ಕೊಟ್ಟದ್ದು ಬಳಸಲಿಕ್ಕೆ. ತಾಯಿ ತಲೆತಗ್ಗಿಸಿದರೆ ಮಕ್ಕಳು ತಲೆಯೆತ್ತುವುದು ಹೇಗೆ? ಹೀಗೆ ಸಾಗುತ್ತದೆ ಪತ್ರ.

ಆತನ ತಾಯಿ ತಿಯೊದೋರಾ ತಾವೇ ಸುಳ್ಳು ಆರೋಪದ ಮೇಲೆ ಐವತ್ತು ಕಿಲೋಮೀಟರಿನಷ್ಟು ದೂರ ನಡೆದು ಜೈಲು ಸೇರಿದವರು, ಎರಡೂವರೆ ವರ್ಷ ಒಳಗಿದ್ದವರು. ಆಗ ಮಗ ಇನ್ನೂ ಚಿಕ್ಕ ಹುಡುಗ. ಮುಂದೆ ಆ ತಾಯಿಯ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದವನೂ ಅವನೇ.

ಮುನ್ನೂರು ಪೆಸೊ ಸಾಲದ ಕಾದಂಬರಿ

ರಿಸಾಲನ ಮೊದಲ ಕಾದಂಬರಿ 'ನೋಲಿ ಮೆ ತಾಂಹೆರೆ' 1887ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು, ಎರಡು ಸಾವಿರ ಪ್ರತಿ. ಕಿಸೆ ಖಾಲಿಯಾಗಿದ್ದ ರಿಸಾಲನಿಗೆ ಗೆಳೆಯ ಮಾಕ್ಸಿಮೊ ವಿಯೋಲ ಮುನ್ನೂರು ಪೆಸೊ ಸಾಲ ಕೊಟ್ಟಿದ್ದ. ಕತೆ ಇಷ್ಟು: ಯುರೋಪಿನಿಂದ ಮರಳಿ ಊರಿಗೊಂದು ಶಾಲೆ ಕಟ್ಟಿಸಲು ಹೊರಟ ಯುವಕ ಇಬಾರ್ರಾ. ಅವನಿಗೆ ಎದುರಾಗುವ ಪಾದ್ರಿಗಳ ದಬ್ಬಾಳಿಕೆ. ಮಕ್ಕಳನ್ನು ಕಳೆದುಕೊಂಡು ಹುಚ್ಚಿಯಾಗುವ ಸೀಸಾ. 1891ರಲ್ಲಿ ಬೆಲ್ಜಿಯಮ್ಮಿನ ಘೆಂಟ್‌ನಿಂದ ಬಂದ 'ಎಲ್ ಫಿಲಿಬುಸ್ತೆರಿಸ್ಮೊ'ದಲ್ಲಿ ಅದೇ ಇಬಾರ್ರಾ ವಜ್ರದ ವ್ಯಾಪಾರಿಯ ವೇಷದಲ್ಲಿ ಬಂದು, ಮದುವೆಯ ಔತಣಕ್ಕೆ ದೀಪದೊಳಗೆ ಸ್ಫೋಟಕ ಅಡಗಿಸಿಡುತ್ತಾನೆ! ಸಿಡಿಯಿತೆ? ಇಲ್ಲ, ಪ್ರೀತಿಸಿದವಳನ್ನು ಉಳಿಸಲು ಒಬ್ಬ ಹುಡುಗ ದೀಪವನ್ನೇ ಎತ್ತಿ ನದಿಗೆ ಎಸೆಯುತ್ತಾನೆ. ದ್ವೇಷದಿಂದ ಬಿಡುಗಡೆ ಹುಟ್ಟೀತೆ ಎಂಬ ಪ್ರಶ್ನೆ ಮಾತ್ರ ಕೊನೆಯ ಪುಟದವರೆಗೂ ಉರಿಯುತ್ತಲೇ ಇರುತ್ತದೆ.

ಸರ್ಕಾರ ಈ ಸೂಕ್ಷ್ಮಕ್ಕೆಲ್ಲ ಕಾಯಲಿಲ್ಲ. 1892ರಲ್ಲಿ ಊರಿಗೆ ಮರಳಿ 'ಲಾ ಲೀಗಾ ಫಿಲಿಪಿನಾ' ಎಂಬ ಸಂಘ ಕಟ್ಟಿದ ನಾಲ್ಕೇ ದಿನದಲ್ಲಿ ಗಡೀಪಾರು. ದೂರದ ಮಿಂದಾನಾವೊ ದ್ವೀಪದ ದಪಿತಾನ್ ಎಂಬ ಊರು, ನಾಲ್ಕು ವರ್ಷ. ಬೇರೆಯವರಾಗಿದ್ದರೆ ಕೊರಗುತ್ತಿದ್ದರು. ಈತ ಲಾಟರಿಯಲ್ಲಿ ಬಂದ ತನ್ನ ಪಾಲಿನ 6,200 ಪೆಸೊದಲ್ಲಿ ಅಪ್ಪನಿಗಿಷ್ಟು ಕಳುಹಿಸಿ ಜಮೀನು ಕೊಂಡ. ಬಿದಿರ ಕೊಳವೆಗಳಲ್ಲಿ ನೀರು ಹರಿಸಿದ, ಊರ ಹುಡುಗರಿಗೆ ಶುಲ್ಕವಿಲ್ಲದ ಶಾಲೆ ತೆರೆದ, ಚೌಕದಲ್ಲಿ ಮಿಂದಾನಾವೊದ ಉಬ್ಬುನಕಾಶೆಯನ್ನು ಮಣ್ಣುಕಲ್ಲಲ್ಲಿ ಕಟ್ಟಿದ. ಆ ನಕಾಶೆ ಇವತ್ತಿಗೂ ಅಲ್ಲಿದೆ. ಹಲ್ಲಿ, ಕಪ್ಪೆ, ಚಿಪ್ಪುಗಳನ್ನು ಡ್ರೆಸ್ಡನ್ ಮ್ಯೂಸಿಯಮ್ಮಿಗೆ ಕಳುಹಿಸಿದ. ಸೆರೆಯನ್ನೇ ವಿಶ್ವವಿದ್ಯಾಲಯ ಮಾಡಿಕೊಂಡ ಭೂಪ!

ಕಟಿಪುನಾನ್ ಎಂಬ ಗುಪ್ತ ಕ್ರಾಂತಿಸಂಘ ಈತನನ್ನು ಕೇಳದೆಯೇ ಗೌರವಾಧ್ಯಕ್ಷನನ್ನಾಗಿ ಮಾಡಿಕೊಂಡಿತ್ತು. 1896ರಲ್ಲಿ ಅವರ ದೂತ ದಪಿತಾನ್‌ಗೇ ಬಂದಾಗ ಸಿದ್ಧತೆಯಿಲ್ಲದ ದಂಗೆ ಬೇಡವೆಂದ. ಆದರೂ ದಂಗೆಯ ಆರೋಪ ಹೊತ್ತು ಸತ್ತ. ಕೊನೆಯ ಗಳಿಗೆಯಲ್ಲಿ ಬರೆದ ಎಪ್ಪತ್ತು ಸಾಲಿನ ಕವಿತೆಯನ್ನು ಸ್ಪಿರಿಟ್ ಒಲೆಯೊಂದರೊಳಗೆ ಅಡಗಿಸಿಟ್ಟ. ಕಾವಲುಗಾರರಿಗೆ ತಿಳಿಯದಂತೆ ತಂಗಿ ತ್ರಿನಿದಾದ್‌ಗೆ ಇಂಗ್ಲಿಷಿನಲ್ಲಿ ಸೂಚನೆ ಕೊಟ್ಟ. ಆರು ವರ್ಷದಲ್ಲಿ ಆ ಕವಿತೆ ಅಮೆರಿಕದ ಸಂಸತ್ತಿನಲ್ಲಿ ಮೊಳಗಿತು: ಫಿಲಿಪಿನೋ ಜನ ಸ್ವಯಮಾಡಳಿತಕ್ಕೆ ಲಾಯಕ್ಕಲ್ಲ ಎನ್ನುತ್ತಿದ್ದವರ ಮುಂದೆ ಹೆನ್ರಿ ಕೂಪರ್ ಎಂಬ ಸದಸ್ಯ ಅದನ್ನು ಓದಿದ.

1956ರಲ್ಲಿ ಫಿಲಿಪ್ಪೀನ್ಸ್ ಒಂದು ಕಾಯ್ದೆ ಮಾಡಿ ರಿಸಾಲನ ಕಾದಂಬರಿಗಳನ್ನು ಕಾಲೇಜುಗಳಲ್ಲಿ ಕಡ್ಡಾಯ ಓದಾಗಿಸಿತು. ಸತ್ತು ಅರವತ್ತು ವರ್ಷವಾಗಿದ್ದರೂ ಚರ್ಚು ವಿರೋಧಿಸಿತು ಎಂದರೆ ಬರಹದ ಕಾವು ಎಷ್ಟಿರಬೇಕು! ಕಡ್ಡಾಯವಾದ ಪುಸ್ತಕಕ್ಕೆ ಪರೀಕ್ಷೆಯ ಧೂಳು ಮೆತ್ತಿಕೊಳ್ಳುವುದು ಸಹಜ. ನಮಗೆ ಪರೀಕ್ಷೆಯ ಹಂಗಿಲ್ಲ. ಎರಡೂ ಕಾದಂಬರಿಗಳ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಓದಿ. ಒಪ್ಪಿಗೆಯಾಗದ ಕಡೆ ಅಂಚಿನಲ್ಲಿ ಜಗಳ ತೆಗೆಯಿರಿ. ಮೋರ್ಗನ ಪುಟದ ಕೆಳಗೆ ಆತ ಮಾಡಿದ್ದೂ ಅದನ್ನೇ.